ಸೊನ್ನೆಯ ಮನೆಯಲ್ಲಿ ಕಡಾಣಿ

ತಂತಿ ಸುತ್ತದೆಯೇ ಅಯಸ್ಕಾಂತ ಹುಟ್ಟಿಸಬಹುದು ಎಂದು ಯಾರಾದರೂ ನನ್ನ ಅಂಗಡಿಗೆ ಬಂದು ಹೇಳಿದ್ದರೆ, ಒಂದು ಕಪ್ ಚಹಾ ಕುಡಿಸಿ ಕಳಿಸಿಬಿಡುತ್ತಿದ್ದೆ. ನವಲಗುಂದದ ಬಸ್‌ಸ್ಟ್ಯಾಂಡಿನ ಹಿಂದೆ ಇಪ್ಪತ್ತೆರಡು ವರ್ಷ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿದವನು ನಾನು, ಮಾನಪ್ಪ ಕಮ್ಮಾರ. ತಂತಿ ಸುತ್ತಬೇಕು, ಕರೆಂಟು ಬಿಡಬೇಕು, ಆಗ ಅದು ಅಯಸ್ಕಾಂತ. ಸುತ್ತು ತಪ್ಪಿದರೆ ಮೋಟಾರು ಗುಂಯ್‌ಗುಡುತ್ತದೆ, ತಿರುಗುವುದಿಲ್ಲ. ನನಗೆ ಗೊತ್ತಿದ್ದ ವಿಜ್ಞಾನ ಇಷ್ಟೇ. ಆದರೆ ಇಷ್ಟರಲ್ಲಿ ನನ್ನನ್ನು ಮೀರಿಸುವವರು ಸುತ್ತಿನ ಮೂರು ತಾಲೂಕುಗಳಲ್ಲಿ ಇರಲಿಲ್ಲ. ಜಂಬವಲ್ಲ, ಬೇಕಾದರೆ ಹೋಗಿ ಕೇಳಿ.

ಹಾಗೆ ಹೇಳಲು ಒಂದು ದಿನ ನಿಜವಾಗಿಯೂ ಒಬ್ಬರು ಬಂದರು. ಡಾ. ಮುಮ್ತಾಜ್ ನದಾಫ್. ಊರ ಹೊರಗಿನ ಎರೆಹೊಲದಲ್ಲಿ ಹೊಸದಾಗಿ ಏಳುತ್ತಿದ್ದ ಸಂಶೋಧನಾ ಕೇಂದ್ರಕ್ಕೆ ಅವರೇ ಮುಖ್ಯಸ್ಥರು. ಅಂಗಡಿಯ ಕಟ್ಟೆಯ ಮೇಲೆ ಕೂತು, ನಾನು ಸುತ್ತಿಟ್ಟಿದ್ದ ಕಾಯಿಲನ್ನು ಬೆರಳಿನಿಂದ ಸವರಿ ನೋಡಿದರು.

“ಹನ್ನೆರಡು ಮೀಟರಿನ ಕಟ್ಟಿಗಿ ಚೌಕಟ್ಟಿಗೆ ತಂತಿ ಸುತ್ತಿಕೊಡ್ತೀರೇನು?”

“ಅಷ್ಟು ದೊಡ್ಡ ಮೋಟಾರು ಎಲ್ಲೈತ್ರಿ, ಮೇಡಂ?”

“ಮೋಟಾರಲ್ಲ. ಭೂಮಿಗೂ ಒಂದು ಕಾಂತಕ್ಷೇತ್ರ ಅದ ಅಲ್ರಿ, ದಿಕ್ಸೂಚಿ ಮುಳ್ಳು ತಿರುಗೂದು ಅದರಿಂದನ. ನಮ್ಮ ಆ ಮನಿಯೊಳಗ ಅದು ಇರಬಾರದು. ನಿಮ್ಮ ತಂತಿ ಅದನ್ನ ಅಳಿಸಿ ಸೊನ್ನಿ ಮಾಡಬೇಕು.”

“ಇಷ್ಟು ದಿನ ಅಯಸ್ಕಾಂತ ಹುಟ್ಸಾಕ ಸುತ್ತಿದ್ದೆ. ಈಗ ಇದ್ದದ್ದನ್ನ ಇಲ್ಲದಂಗ ಮಾಡಾಕ ಸುತ್ತಬೇಕೇನ್ರಿ?”

“ಹೌದು ಮಾನಪ್ಪಣ್ಣ. ಸೊನ್ನಿ ಮಾಡೂದು ಎಲ್ಲಾರಿಗೂ ಬರೂದಿಲ್ಲ.”

ಆ ಕೊನೆಯ ಮಾತಿಗೆ ನಾನು ಬಿದ್ದೆ. ಮುಂದಿನ ವಾರ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಕೇಂದ್ರ ಸೇರಿದೆ.

ಅಲ್ಲಿ ಹುಟ್ಟಬೇಕಾಗಿದ್ದದ್ದು ಏನು ಎಂಬುದು ನನ್ನ ತಲೆಗೆ ಹತ್ತಲು ಎರಡು ತಿಂಗಳು ಬೇಕಾಯಿತು. ಚಂದ್ರನನ್ನೂ ದಾಟಿ ತಿಂಗಳುಗಟ್ಟಲೆ ಹೋಗುವ ನೌಕೆಯೊಂದು ಸಿದ್ಧವಾಗುತ್ತಿತ್ತು, ಅದರಲ್ಲಿ ಆರು ಜನ. ಸೂರ್ಯ ಆಗಾಗ ಸಿಡಿದು ಕಣಗಳ ಬಿರುಗಾಳಿ ಎಬ್ಬಿಸುತ್ತಾನೆ. ನಮಗೆ ಅದು ತಟ್ಟುವುದಿಲ್ಲ, ಭೂಮಿಯ ಕಾಂತಕ್ಷೇತ್ರ ಕೊಡೆ ಹಿಡಿದು ನಿಂತಿದೆ. ಆ ಆರು ಜನರಿಗೆ ಕೊಡೆ ಇಲ್ಲ. ತಂತಿ ಸುತ್ತಿದ ಅಯಸ್ಕಾಂತವನ್ನು ಹೊತ್ತೊಯ್ಯೋಣವೆಂದರೆ ಅದರ ಭಾರಕ್ಕೆ ನೌಕೆಯೇ ಏಳುವುದಿಲ್ಲ. ಮೇಡಂ ಕೇಳಿದ ಪ್ರಶ್ನೆ ಒಂದೇ. ತಂತಿಯ ಬದಲು ಬರೀ ಅನಿಲವಿದ್ದರೆ? ಅನಿಲವನ್ನು ಅದರ ಕಣಕಣವೂ ವಿದ್ಯುತ್ ಹರಿಸುವಷ್ಟು ಕಾಯಿಸಿದರೆ ಅದಕ್ಕೆ ಪ್ಲಾಸ್ಮಾ ಎನ್ನುತ್ತಾರೆ. ಅದನ್ನು ಹುಚ್ಚೆದ್ದು ಸುಳಿಯುವ ಹಾಗೆ ಕಲಕಿದರೆ, ತನ್ನ ಅಯಸ್ಕಾಂತವನ್ನು ತಾನೇ ಹುಟ್ಟಿಸಿಕೊಂಡೀತೇ? ನಕ್ಷತ್ರಗಳಲ್ಲಿ ಹಾಗೆಯೇ ಆಗುತ್ತದಂತೆ. ನವಲಗುಂದದಲ್ಲಿ ಆಗುತ್ತದೆಯೇ ಎಂಬುದನ್ನು ನೋಡಬೇಕಾಗಿತ್ತು.

ಅದಕ್ಕಾಗಿ ಎರಡಾಳು ಎತ್ತರದ ತಾಮ್ರದ ಗೋಳ. ಅದರ ಎರಡೂ ಕಡೆಯಿಂದ ಪ್ಲಾಸ್ಮಾ ತೂತಿನ ತಟ್ಟೆಗಳ ಮೂಲಕ ನುಗ್ಗಿ ಬಂದು ನಡುವೆ ಡಿಕ್ಕಿ ಹೊಡೆಯುತ್ತದೆ, ಎರಡು ಹಳ್ಳ ಕೂಡುವ ಜಾಗದಲ್ಲಿ ಏಳುವಂತೆ ಸುಳಿಗಳು ಏಳುತ್ತವೆ. ಹೊರಗಿನ ಯಾವ ಕಾಂತಕ್ಷೇತ್ರವೂ ಒಳಗೆ ಇಣುಕಬಾರದು. ಆದ್ದರಿಂದ ಮನೆ ಪೂರ್ತಿ ಕಟ್ಟಿಗೆಯದು, ತಿರುಪುಗಳು ಹಿತ್ತಾಳೆಯವು, ಸುತ್ತಲೂ ನನ್ನ ತಂತಿ. ಮೂರು ತಿಂಗಳು ಸುತ್ತಿ, ಕರೆಂಟನ್ನು ಕೂದಲೆಳೆಯಷ್ಟು ಹೆಚ್ಚು ಕಡಿಮೆ ಮಾಡಿ, ಶ್ರಾವಣದ ಒಂದು ಬೆಳಿಗ್ಗೆ ಗೋಳದ ನಟ್ಟನಡುವೆ ಸೊನ್ನೆ ತಂದು ನಿಲ್ಲಿಸಿದೆ. ಆ ದಿನ ನಾನು ಮನೆಗೆ ನಡೆದು ಹೋದದ್ದನ್ನು ಊರವರು ನೋಡಬೇಕಾಗಿತ್ತು.

ಸೊನ್ನೆ ಮಾಡಿದವನೇ ಅದನ್ನು ಕಾಯಲಿ ಎಂದು ಬಾಗಿಲಿಗೂ ನನ್ನನ್ನೇ ನಿಲ್ಲಿಸಿದರು. ಒಳಗೆ ಹೋಗುವವರು ಕೀಲಿ, ಬೆಲ್ಟು, ಗಡಿಯಾರ, ಮೊಬೈಲು ಎಲ್ಲವನ್ನೂ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಬಿಡಬೇಕು. ಹೆಣ್ಣುಮಕ್ಕಳು ಬಳೆಗೆ ಸಿಗಿಸಿಕೊಂಡ ಪಿನ್ನು ಕೂಡ. ಆಮೇಲೆ ನಾನು ಕೈಯಲ್ಲಿ ದಿಕ್ಸೂಚಿ ಹಿಡಿದು ಒಬ್ಬೊಬ್ಬರ ಮೈಸುತ್ತ ಆಡಿಸುತ್ತೇನೆ. ಮುಳ್ಳು ಹೊಯ್ದಾಡಿದರೆ ಒಳಗೆ ಬಿಡುವುದಿಲ್ಲ. ತಲೆತಲಾಂತರದಿಂದ ಕಬ್ಬಿಣ ಬಡಿದು ಉಂಡ ಕಮ್ಮಾರರ ಮನೆಯವನು ಕಬ್ಬಿಣಕ್ಕೆ ಬಾಗಿಲು ಹಾಕುವ ಕೆಲಸಕ್ಕೆ ನಿಂತಿದ್ದೆ. ನಮ್ಮಪ್ಪ ಬದುಕಿದ್ದರೆ ಇಕ್ಕಳ ಹಿಡಿದುಕೊಂಡೇ ಬರುತ್ತಿದ್ದ.

ಆಯುಧಪೂಜೆ ಬಂತು. ಗೋಳದೊಳಗೆ ಇನ್ನೂ ಪ್ಲಾಸ್ಮಾ ಬಿಟ್ಟಿರಲಿಲ್ಲ. ಪೂಜೆ ಬೇಡವೆಂದು ಮೇಡಂ ಅನ್ನಲಿಲ್ಲ. ಗೋಳಕ್ಕೆ ಕುಂಕುಮ ಹಚ್ಚಬಾರದು, ಒಳಗೆ ಕರ್ಪೂರ ಉರಿಸಬಾರದು, ಹೂವು ಮಾತ್ರ ಎಂದರು. ಮನೆಮಂದಿಗೂ ಒಳಗೆ ಬಂದು ನೋಡಲು ಬಿಟ್ಟರು. ನಾನು ದಿಕ್ಸೂಚಿ ಹಿಡಿದು ಸಾಲಿನಲ್ಲಿ ಒಬ್ಬೊಬ್ಬರನ್ನೇ ಬಿಡುತ್ತಿದ್ದೆ. ನನ್ನ ಹೆಂಡತಿ ಕಾಳವ್ವ ಬಂದಳು. ಹೊಸ ಇಳಕಲ್ ಸೀರೆ, ಕೈಯಲ್ಲಿ ಸೇವಂತಿಗೆ ದಂಡೆ. ಹಿಂದೆ ಹತ್ತು ಜನ ನಿಂತಿದ್ದರು. ಅಷ್ಟು ಮಂದಿಯ ಮುಂದೆ ಕಟ್ಟಿಕೊಂಡ ಹೆಂಡತಿಯ ಸೊಂಟದ ಸುತ್ತ ದಿಕ್ಸೂಚಿ ಆಡಿಸುವುದು ಹೇಗೆ ಹೇಳಿ? ನನಗೆ ನಾಚಿಕೆಯಾಯಿತು. “ಹೋಗು, ಹೋಗು” ಎಂದು ಒಳಗೆ ಬಿಟ್ಟೆ.

ಒಳಗೆ ಅವಳು ಗೋಳವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಮೇಡಂ ಅವರನ್ನು ಕೇಳಿದಳು: “ಇದ್ರಾಗ ಏನ್ ಆಗತೈತ್ರಿ ಅಕ್ಕಾರ? ಇವರನ್ನ ಕೇಳಿದ್ರ ಬರೇ ಸೊನ್ನಿ ಸೊನ್ನಿ ಅಂತಾರ.”

ಮೇಡಂ ಹೂವಿನ ಪೊಟ್ಟಣಕ್ಕೆ ಹಾಕಿದ್ದ ರಬ್ಬರ್ ಬ್ಯಾಂಡ್ ತೆಗೆದುಕೊಂಡರು. “ಇದು ಕಾಂತಕ್ಷೇತ್ರದ ಒಂದು ಸುತ್ತು ಅಂತ ತಿಳಕೋರಿ. ಸುಳಿ ಇದನ್ನ ಹಿಂಗ ಎಳೀತದ. ಹಿಂಗ ತಿರುಚತದ. ಹಿಂಗ ಮಡಚತದ. ಈಗ ಎಷ್ಟು ಸುತ್ತು ಆತು?”

“ಎರಡು.”

“ಮತ್ತೆ ಎಳದು ಮಡಚಿದ್ರ ನಾಕು, ಆಮ್ಯಾಲೆ ಎಂಟು. ಅರ್ಧ ಸೆಕೆಂಡಿಗೊಮ್ಮೆ ದುಪ್ಪಟ್ಟಾಗಬೇಕು ಅಂತ ನಮ್ಮ ಲೆಕ್ಕ.”

ಬಾಗಿಲಿನಿಂದಲೇ ನೋಡುತ್ತಿದ್ದ ನಾನು ಬೆಪ್ಪಾದೆ. ಅನಿಲ ತನ್ನ ತಂತಿಯನ್ನು ತಾನೇ ಸುತ್ತಿಕೊಳ್ಳುತ್ತದೆ! ಇಷ್ಟು ದಿನ ಯಾರೂ ನನಗೆ ಹೀಗೆ ಹೇಳಿರಲಿಲ್ಲ.

“ಮದಲನೇ ಸುತ್ತು ಎಲ್ಲಿಂದ ಬರತೈತ್ರಿ?” ಎಂದಳು ಕಾಳವ್ವ.

“ಚಲೋ ಕೇಳಿದ್ರಿ. ಕಾದ ಅನಿಲದೊಳಗ ಒಂದು ಸಣ್ಣ ಎಳಿ ತಾನ ಹುಟ್ಟತದ. ಅದ ಬೀಜ. ಅದು ಯಾವ ಕಡೆ ಮುಖ ಮಾಡಿ ಹುಟ್ಟತದ ಅಂತ ಯಾರಿಗೂ ಹೇಳಲಿಕ್ಕೆ ಆಗೂದಿಲ್ಲ.”

“ಹಂಗಾರ ಇದು ಇನ್ನ ಹುಟ್ಟದ ಕೂಸು ಅನ್ರಿ.”

“ಹೌದ್ರಿ, ನಂದು ಹನ್ನೊಂದು ವರ್ಷದ ಬಸಿರು” ಎಂದು ಮೇಡಂ ನಕ್ಕರು. ಕಾಳವ್ವ ನಗಲಿಲ್ಲ. ದಂಡೆಯನ್ನು ಗೋಳದ ಪೀಠಕ್ಕೆ ಏರಿಸಿ, ತುಸು ಹೊತ್ತು ಬಗ್ಗಿ ಕೈಮುಗಿದು ಬಂದಳು.

ಹಬ್ಬದ ಮರುದಿನ ನೋಡಿದರೆ ಗೋಳದ ನಡುವಿನ ಸೊನ್ನೆ ಒಂದಿಷ್ಟು ಸರಿದಿತ್ತು. ಬಹಳವಲ್ಲ. ಹಿಂಗಾರಿನ ಹಸಿಗೆ ಚೌಕಟ್ಟು ಉಬ್ಬಿರಬೇಕು ಎಂದುಕೊಂಡೆ. ಕರೆಂಟು ತಿರುವಿ ಮತ್ತೆ ಸೊನ್ನೆಗೆ ತಂದು, ‘ಸೊನ್ನೆ ಸರಿದಿತ್ತು, ಸರಿಪಡಿಸಿದೆ’ ಎಂದು ಪುಸ್ತಕದಲ್ಲಿ ಬರೆದು ಸಹಿ ಹಾಕಿದೆ. ಯಾಕೆ ಸರಿಯಿತು ಎಂದು ಹುಡುಕಲಿಲ್ಲ. ಸರಿಮಾಡುವ ಕೈ ನನ್ನದು ಇರುವಾಗ ಹುಡುಕುವುದೇನು ಎಂಬ ಗರ್ವ.

ದೀಪಾವಳಿ ಕಳೆದ ಮೇಲೆ ಮೊದಲ ಓಟ. ಬೆಳಿಗ್ಗೆ ಏಳು ಗಂಟೆ, ಹೊಲಗಳಿಗೆ ಮೂರು ಫೇಸ್ ಕರೆಂಟು ಬಂದು ಪಂಪುಗಳು ಗದ್ದಲ ಎಬ್ಬಿಸುವ ಮುಂಚೆ. ಗೋಳದಿಂದ ನೂರು ಹೆಜ್ಜೆ ದೂರದ ನಿಯಂತ್ರಣ ಕೊಠಡಿಯಲ್ಲಿ ಹಂಸಿನಿ ಎಂಬ ಮೈಸೂರಿನ ಹುಡುಗಿ, ಯುವ ವಿಜ್ಞಾನಿ, ಸೆಕೆಂಡು ಎಣಿಸುತ್ತಿದ್ದಳು. ಗೋಡೆಯ ಮೇಲೆ ನಾನೇ ಮಾಡಿದ ಊಟದ ತಟ್ಟೆಯಷ್ಟಗಲದ ಮುಳ್ಳಿನ ಮಾಪಕ. ಕ್ಷೇತ್ರ ಒಂದು ದಿಕ್ಕಿಗೆ ಎದ್ದರೆ ಮುಳ್ಳು ಬಲಕ್ಕೆ, ತಿರುಗುಮುರುಗಾದರೆ ಎಡಕ್ಕೆ. ಓಟ ಹತ್ತು ಸೆಕೆಂಡು ಮಾತ್ರ, ಅದಕ್ಕಿಂತ ಹೆಚ್ಚಾದರೆ ಗೋಳದ ಗೋಡೆ ತಾಳುವುದಿಲ್ಲ.

ಐದು. ಆರು. ಏಳಕ್ಕೆ ಮುಳ್ಳು ನಡುಗಿ ಬಲಕ್ಕೆ ವಾಲಿ ಅಂಚಿಗೆ ಹೋಗಿ ಬಡಿಯಿತು.

ಹಂಸಿನಿ ಕುರ್ಚಿಯ ಮೇಲೆ ಹತ್ತಿ ಕುಣಿದಳು. ನನಗೆ ಕಣ್ಣು ತುಂಬಿ ಬಂತು, ಅದನ್ನು ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ಸಂಕ್ರಾಂತಿ ಕಳೆಯುವುದರೊಳಗೆ ಹನ್ನೊಂದು ಓಟ ಆದವು. ಹನ್ನೊಂದರಲ್ಲೂ ಏಳನೇ ಸೆಕೆಂಡಿಗೆ ಎದ್ದಿತು. ಪೇಪರಿನಲ್ಲಿ ಬಂತು, ಧಾರವಾಡದಿಂದ ಪೇಢೆ ಬಂತು. ನೌಕೆಯ ಸಮಿತಿಯವರು ಬಂದು ನೋಡಿ ಒಪ್ಪಿಗೆ ಕೊಡುವ ದಿನವೂ ಗೊತ್ತಾಯಿತು. ಮೇಡಂ ಮಾತ್ರ ಪೇಢೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು.

“ಮಾನಪ್ಪಣ್ಣ, ಹನ್ನೊಂದೂ ಸಲ ಬಲಕ್ಕನ ಯಾಕ ಹೋತು?”

“ಚಲೋ ಆತಲ್ರಿ?”

“ಚಲೋ ಅಲ್ಲ. ತಾನ ಹುಟ್ಟಿದ್ದಾದ್ರ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಹುಟ್ಟಬೇಕು. ಯಾರೋ ಕೈ ಹಿಡಿದು ಒಂದ ಕಡೆ ಕರ್ಕೊಂಡು ಹೋಗ್ಲಿಕತ್ತಾರ.” ಅವರ ಮುಖ ಬಾಡಿತ್ತು. “ಅದು ಏನಂತ ತಿಳೀದ ಸಮಿತಿ ಮುಂದ ‘ಇದು ನಮ್ಮ ಗೋಳದ್ದ ಕ್ಷೇತ್ರ’ ಅಂತ ಹೆಂಗ ಹೇಳ್ಲಿ? ಅದನ್ನ ನಂಬಿ ಆರು ಮಂದಿ ನೌಕಿ ಹತ್ತತಾರ.”

ನನ್ನ ಸೊನ್ನೆಯಲ್ಲಿ ದೋಷವಿಲ್ಲ ಎಂದು ಗಟ್ಟಿಯಾಗಿ ಹೇಳಿ ಬಂದೆ. ಸೊನ್ನೆಯನ್ನು ಗೋಳದ ನಡುವೆ ಅಳೆಯುತ್ತೇವೆ, ಅದು ಅಲ್ಲಾಡಿರಲಿಲ್ಲ. ಗೋಳದ ಅಂಚಿನ ಕೆಳಗೆ ಏನಿದೆ ಎಂದು ಯಾರೂ ನೋಡಿರಲಿಲ್ಲ.

ಸಮಿತಿ ಬರಲು ನಾಲ್ಕು ದಿನ ಉಳಿದಿತ್ತು. ಅಂದು ಸಂಜೆ ಮನೆಯಲ್ಲಿ ಅಟ್ಟದಿಂದ ತೊಟ್ಟಿಲು ಇಳಿಸಿದೆ. ಮಗಳು ಗಾಯತ್ರಿ ಹೆರಿಗೆಗೆ ಬಂದಿದ್ದಳು, ದಿನ ತುಂಬಿತ್ತು. ತೊಟ್ಟಿಲು ಒರೆಸಿ, ಪೆಟ್ಟಿಗೆಯಲ್ಲಿ ಕಡಾಣಿ ಹುಡುಕಿದೆ. ಕಡಾಣಿ ಎಂದರೆ ಬಂಡಿಯ ಗಾಲಿ ಅಚ್ಚಿನಿಂದ ಕಳಚಿಕೊಳ್ಳದಂತೆ ಸಿಕ್ಕಿಸುವ ಗೇಣುದ್ದದ ಕಬ್ಬಿಣದ ಕೀಲು. ಇದನ್ನು ನಮ್ಮಪ್ಪ ತನ್ನ ಕುಲುಮೆಯಲ್ಲಿ ಕಾಯಿಸಿ ಬಡಿದದ್ದು. ಹಸುಗೂಸಿನ ಹತ್ತಿರ ಕಬ್ಬಿಣ ಇರಬೇಕು, ದೃಷ್ಟಿ ತಾಕುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೆ. ಕಮ್ಮಾರರ ಮನೆಯಲ್ಲಿ ಅದು ಮನೆಯವರೇ ಬಡಿದ ಕಬ್ಬಿಣವಾಗಿರಬೇಕು. ನಮ್ಮ ಮೂರೂ ಮಕ್ಕಳ ತೊಟ್ಟಿಲಲ್ಲಿ ಅದೇ ಕಡಾಣಿ ಇತ್ತು.

“ಏ, ಕಡಾಣಿ ಎಲ್ಲಿಟ್ಟೀ?”

ರೊಟ್ಟಿ ಬಡಿಯುತ್ತಿದ್ದ ಕಾಳವ್ವ ಕೈ ನಿಲ್ಲಿಸಲಿಲ್ಲ. “ಅದು ಈಗ ಇನ್ನೊಂದು ಕೂಸಿನ ಹತ್ರ ಐತಿ.”

“ಯಾರ ಕೂಸು?”

“ನಿಮ್ದ. ಆ ತಾಮ್ರದ್ದು. ಅಕ್ಕಾರು ಹನ್ನೊಂದು ವರ್ಷದ ಬಸಿರು ಅಂದ್ರು ನೋಡ್ರಿ, ಅದಕ್ಕ ದೃಷ್ಟಿ ಆಗಬಾರದು ಅನಿಸ್ತು. ಊರ ಮಂದಿ ಎಲ್ಲಾ ಸಾಲಾಗಿ ನಿಂತು ಅದನ್ನ ಕಣ್ಣು ಪಿಳಿಪಿಳಿ ಮಾಡಿ ನೋಡಾಕತ್ತಿದ್ರು. ಹಬ್ಬಕ್ಕ ಪೂಜಿ ಮಾಡಾಕ ಅಂತ ಸೆರಗಿನ್ಯಾಗ ಕಟ್ಕೊಂಡು ತಂದಿದ್ದೆ. ಪೀಠದ ಸಂದ್ಯಾಗ ಇಟ್ಟು, ಮ್ಯಾಲೆ ಹೂವು ಮುಚ್ಚಿ ಬಂದೆ. ಹನ್ನೊಂದು ಸಲ ಗೆದ್ದೀರಿ. ಕಾದೈತೋ ಇಲ್ಲೋ?”

ನಾನು ತೊಟ್ಟಿಲ ಹಗ್ಗ ಹಿಡಿದುಕೊಂಡು ನೆಲಕ್ಕೆ ಕೂತೆ. ಕಾಯಿಸಿ ಬಡಿದ ಕಬ್ಬಿಣಕ್ಕೆ ತನ್ನದೇ ಅಯಸ್ಕಾಂತ ಬಂದಿರುತ್ತದೆ. ಅಂಚಿನ ಸುಳಿಗಳಿಗೆ ಅದು ಬೀಜ ಕೊಡುತ್ತಿತ್ತು. ಬಲಕ್ಕೆ ಕರೆದೊಯ್ಯುತ್ತಿದ್ದ ಕೈ ನಮ್ಮಪ್ಪನದು. ಹಾಗಾದರೆ ಗೋಳದ ಸ್ವಂತದ್ದು ಎನ್ನುವಂಥದ್ದು ಏನಾದರೂ ಇತ್ತೇ? ಕಡಾಣಿ ತೆಗೆದರೆ ಮುಳ್ಳು ಅಲ್ಲಾಡದೆ ನಿಂತುಬಿಟ್ಟರೆ?

ಒಂದು ಮಾತು ಬಚ್ಚಿಡದೆ ಹೇಳುತ್ತೇನೆ. ಸದ್ದಿಲ್ಲದೆ ತೆಗೆದುಬಿಡೋಣ ಎಂದು ಅನ್ನಿಸಿತು. ಬಾಗಿಲು ಕಾಯುವವನು ನಾನೇ, ಕೇಳುವವರು ಯಾರು? ಆದರೆ ಆ ಪುಸ್ತಕದಲ್ಲಿ ನನ್ನ ಸಹಿ ಇತ್ತು. ಮೇಡಂ ಅವರ ಬಾಡಿದ ಮುಖ ಕಣ್ಣೆದುರಿಗಿತ್ತು. ನಡೆದದ್ದನ್ನೆಲ್ಲ ಬಿಡಿಸಿ ಹೇಳಿದಾಗ ಕಾಳವ್ವನ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು.

“ಯವ್ವಾ! ನನ್ನಿಂದ ಕೆಟ್ಟಿತೇನು?”

“ನಿನ್ನಿಂದ ಅಷ್ಟ ಅಲ್ಲ. ನಾ ನಿನ್ನ ಮುಂದ ದಿಕ್ಸೂಚಿ ಹಿಡೀಲಿಲ್ಲ. ಸೊನ್ನಿ ಸರಿದಾಗ ಯಾಕಂತ ಕೇಳಲಿಲ್ಲ.”

ಅವಳು ಒಲೆ ಆರಿಸಿದಳು. “ಇಟ್ಟಾಕಿ ನಾನು. ನಾಳೆ ನಾನ ಬಂದು ಹೇಳ್ತೀನಿ. ನಿಮ್ಮ ಹಿಂದ ಅಡಗೂದಿಲ್ಲ.”

ಬೆಳಿಗ್ಗೆ ಇಬ್ಬರೂ ಹೋದೆವು. ಕಾಳವ್ವ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಹಬ್ಬದ ಮರುದಿನದ ನನ್ನ ಬರಹವನ್ನು ನಾನು ಪುಸ್ತಕದಲ್ಲಿ ತೆಗೆದು ತೋರಿಸಿದೆ. ಹಂಸಿನಿ ತಲೆಯ ಮೇಲೆ ಕೈ ಹೊತ್ತಳು. “ಅಯ್ಯೋ ಮಾನಪ್ಪನವ್ರೇ, ಪೇಪರ್‌ನಲ್ಲೆಲ್ಲ ಬಂದ್ಬಿಟ್ಟಿದೆ!”

ಮೇಡಂ ಬಯ್ಯಲಿಲ್ಲ. ಆ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಆಮೇಲೆ ಉಸಿರು ಬಿಟ್ಟ ರೀತಿ ನೋಡಿದರೆ, ಮೂರು ತಿಂಗಳಿಂದ ಹಿಡಿದಿಟ್ಟಿದ್ದ ಉಸಿರು ಅದು ಅನ್ನಿಸಿತು.

“ಕಾಳವ್ವಾರ, ನಾ ಹುಡುಕ್ಲಿಕತ್ತಿದ್ದು ಇದನ್ನ. ಅದನ್ನ ಈಗ ತೆಗೀಬ್ಯಾಡ್ರಿ. ಹೊಳ್ಳಿಸಿ ಇಡ್ರಿ, ತುದಿ ಇದ್ದ ಕಡೆ ತಲಿ ಬರಲಿ.”

ಹೊಳ್ಳಿಸಿ ಇಟ್ಟೆವು. ಓಟ ಶುರುವಾಯಿತು. ಏಳನೇ ಸೆಕೆಂಡಿಗೆ ಮುಳ್ಳು ಎದ್ದಿತು, ಎಡಕ್ಕೆ. ಯಾರೂ ಕುಣಿಯಲಿಲ್ಲ. ಹನ್ನೊಂದು ಗೆಲುವಿನ ದಿಕ್ಕು ಕಡಾಣಿಯದೇ ಎಂದು ಖಾತ್ರಿಯಾಯಿತು. ದಿಕ್ಕು ಅದರದಾದರೆ, ಶಕ್ತಿಯೂ ಅದರದೇ ಇರಬಹುದು.

ಮೇಡಂ ಹಾಳೆಯ ಮೇಲೆ ಲೆಕ್ಕ ಹಾಕಿದರು. “ನಾಳೆ ತೆಗದು ನೋಡೋಣ. ಗೋಳಕ್ಕ ಸ್ವಂತ ತಾಕತ್ತು ಇದ್ರ, ಬೀಜ ಸಾವಿರ ಪಾಲು ಸಣ್ಣದಾದ್ರೂ ಅದು ಬೆಳೀಬೇಕು. ಸಾವಿರ ಪಾಲು ಅಂದ್ರ ಹತ್ತು ಸಲ ದುಪ್ಪಟ್ಟು. ಐದು ಸೆಕೆಂಡು ತಡ. ಏಳಕ್ಕ ಐದು ಕೂಡಿಸಿದ್ರ ಹನ್ನೆರಡು.”

“ಹತ್ತಕ್ಕೇ ನಿಲ್ಲಿಸ್ಬೇಕಲ್ಲ ಮೇಡಂ” ಎಂದಳು ಹಂಸಿನಿ.

“ಹದಿನಾಲ್ಕಕ್ಕ ಇಡು.”

“ಗೋಳ ಸೀಳಿಬಿಟ್ರೆ? ಇನ್ನೊಂದು ಮಾಡೋಕೆ ವರ್ಷ ಬೇಕು.”

“ಇನ್ನೊಬ್ಬರ ಕಬ್ಬಿಣದ ಜೋರಿನ ಮ್ಯಾಲೆ ನಿಂತಿದ್ದಾದ್ರ ಅದು ಸೀಳಿದ್ರೂ ಅಡ್ಡಿಯಿಲ್ಲ” ಎಂದರು ಮೇಡಂ.

ಮರುದಿನ ಬೆಳಿಗ್ಗೆ ಕಾಳವ್ವ ತನ್ನ ಕೈಯಿಂದಲೇ ಕಡಾಣಿ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡು ನಿಯಂತ್ರಣ ಕೊಠಡಿಗೆ ಬಂದಳು. ನಾನು ಗೋಳದ ನಡುವೆ ಮಾತ್ರವಲ್ಲ, ಅಂಚಿನ ಗೇಣು ಗೇಣಿಗೂ ಸೊನ್ನೆ ಅಳೆದೆ. ಅದಕ್ಕೆ ಎರಡು ತಾಸು ಹಿಡಿಯಿತು. ಅಂಥ ಸೊನ್ನೆಯನ್ನು ನಾನು ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ.

ಹಂಸಿನಿ ಎಣಿಸತೊಡಗಿದಳು. ಏಳು ಬಂತು. ಮುಳ್ಳು ಸೊನ್ನೆಯ ಮೇಲೆ ಅಂಟಿಸಿಟ್ಟಂತೆ ನಿಂತಿತ್ತು. ಎಂಟು. ಒಂಬತ್ತು. ಕಾಳವ್ವ ನನ್ನ ಅಂಗಿಯ ತೋಳು ಹಿಡಿದಿದ್ದಳು.

“ಹತ್ತು. ಮೇಡಂ, ಗೋಡೆ ಕೆಂಪು ಗೆರೆ ದಾಟ್ತು. ನಿಲ್ಲಿಸ್ಲಾ?”

“ಬ್ಯಾಡ.”

“ಹನ್ನೊಂದು. ಮೇಡಂ!”

ನಾನು ಮುಳ್ಳನ್ನೇ ನೋಡುತ್ತಿದ್ದೆ. ಮೊದಲು ನನ್ನ ಕಣ್ಣಿನ ಭ್ರಮೆ ಎಂದುಕೊಂಡೆ. ಸಾಸಿವೆಯಷ್ಟು ಅಲುಗಿತು. ಮತ್ತೆ ಅದರ ಎರಡರಷ್ಟು. ಹಂಸಿನಿ ಹನ್ನೆರಡು ಎನ್ನುವಾಗ ಮುಳ್ಳು ಸೊನ್ನೆಯನ್ನು ಬಿಟ್ಟು ಎದ್ದು, ಎಡಕ್ಕೆ ಹೊರಳಿ ಅಂಚಿಗೆ ಹೋಗಿ ಬಡಿಯಿತು.

“ಎಡಕ್ಕ!” ಎಂದು ಎಲ್ಲರಿಗಿಂತ ಮೊದಲು ಕೂಗಿದವಳು ಕಾಳವ್ವ. “ಕಡಾಣಿ ನನ್ನ ಸೆರಗಿನ್ಯಾಗ ಐತಿ ಅಕ್ಕಾರ! ಅದು ತಾನ ಎದ್ದೈತಿ!”

ಮೇಡಂ ಎದ್ದು ಬಂದು ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟರು. ಹನ್ನೊಂದು ವರ್ಷದಲ್ಲಿ ಅವರು ಅತ್ತದ್ದನ್ನು ಯಾರೂ ನೋಡಿರಲಿಲ್ಲವಂತೆ. ಗೋಳ ಸೀಳಲಿಲ್ಲ. ಹೊರಗೆ ಬಂದು ನಿಂತೆ. ಎರೆಹೊಲದ ಆ ತುದಿಯವರೆಗೂ ಕಡಲೆ ಬೆಳೆ, ಪಂಪುಗಳು ಆಗ ತಾನೇ ಶುರುವಾಗಿದ್ದವು. ಆ ಪಂಪುಗಳಲ್ಲಿ ಅರ್ಧಕ್ಕೆ ನಾನು ಸುತ್ತಿದ ತಂತಿ. ತಂತಿಯೇ ಇಲ್ಲದ ಅಯಸ್ಕಾಂತವೊಂದು ನಾನು ಮಾಡಿದ ಸೊನ್ನೆಯೊಳಗೆ ಹುಟ್ಟಿತ್ತು. ನನ್ನ ಜೀವಮಾನದಲ್ಲಿ ಇಷ್ಟು ಹೆಮ್ಮೆ ಯಾವತ್ತೂ ಪಟ್ಟಿರಲಿಲ್ಲ.

ಮರುದಿನದ ಓಟದಲ್ಲಿ ಅದು ಬಲಕ್ಕೆ ಎದ್ದಿತು. ಆಗಲೂ ಹನ್ನೆರಡಕ್ಕೇ. ಅದರ ಮನಸ್ಸು, ಅದರ ದಿಕ್ಕು.

ಸಮಿತಿ ಬಂದಾಗ ಮೇಡಂ ಮೊದಲು ಹೇಳಿದ್ದು ಗೆಲುವಿನ ಮಾತಲ್ಲ. ಹನ್ನೊಂದು ಓಟಗಳನ್ನು ಲೆಕ್ಕದಿಂದ ತೆಗೆದುಹಾಕಿದ್ದೇವೆ ಎಂದರು. ಅಧ್ಯಕ್ಷರು ಹುಬ್ಬೇರಿಸಿ ಪುಸ್ತಕ ತರಿಸಿಕೊಂಡರು. ಅಲ್ಲಿ ನನ್ನ ಬರಹವಿತ್ತು: ‘ಹೆಂಡತಿಯನ್ನು ತಪಾಸಣೆ ಮಾಡಲಿಲ್ಲ. ಸೊನ್ನೆ ಸರಿದಾಗ ಕಾರಣ ಹುಡುಕಲಿಲ್ಲ. ತಪ್ಪು ನನ್ನದು. ಮಾನಪ್ಪ ಕಮ್ಮಾರ.’ ಅದರ ಕೆಳಗೆ ಗುಂಡನೆಯ ದೊಡ್ಡ ಅಕ್ಷರಗಳಲ್ಲಿ: ‘ಇಟ್ಟವಳು ನಾನು. ಕಾಳವ್ವ.’

ಅಧ್ಯಕ್ಷರು ಎರಡು ಸಲ ಓದಿದರು. “ಮೂವತ್ತು ವರ್ಷದಿಂದ ಪ್ರಯೋಗಾಲಯಗಳನ್ನು ನೋಡುತ್ತಿದ್ದೇನೆ, ಇಂಥ ಪುಸ್ತಕ ನೋಡಿರಲಿಲ್ಲ” ಎಂದರು. “ಗೋಳ ತಾನೇ ಕ್ಷೇತ್ರ ಹುಟ್ಟಿಸುತ್ತದೆ ಎಂಬುದರಲ್ಲಿ ಈಗ ನನಗೆ ಅನುಮಾನವಿಲ್ಲ. ಆದರೆ ನೌಕೆಯ ಗೋಳ ಪ್ರತಿ ಬಿರುಗಾಳಿಗೂ ಹನ್ನೆರಡು ಸೆಕೆಂಡು ತಾಳೀತೇ? ಹತ್ತಕ್ಕೇ ಗೋಡೆ ಕೆಂಪು ಗೆರೆ ದಾಟಿದೆ.”

ಮೇಡಂ ನನ್ನ ಕಡೆ ತಿರುಗಿದರು. ಅವರ ಕಣ್ಣಲ್ಲಿ ತುಂಟತನ ಇತ್ತು. “ಏಳಕ್ಕ ಎಬ್ಬಿಸೂದು ನಮಗ ಗೊತ್ತದ, ಸರ್. ಒಂದು ಕಡಾಣಿ ಬೇಕು.”

ಸಮಿತಿ ಹೋಗಿ ವಾರದೊಳಗೆ ಗಾಯತ್ರಿಗೆ ಹೆಣ್ಣುಮಗು ಹುಟ್ಟಿತು. ಹಳೆಯ ಕಡಾಣಿ ಮೊಮ್ಮಗಳ ತೊಟ್ಟಿಲು ಸೇರಿತು. ನೌಕೆಯ ನಕ್ಷೆಯಲ್ಲಿ, ಸಾವಿರಾರು ಬಿಡಿಭಾಗಗಳ ಪಟ್ಟಿಯಲ್ಲಿ, ಒಂದು ಸಾಲು ಹೊಸದಾಗಿ ಸೇರಿತು: ‘ಬೀಜದ ಕೀಲು, ಕಬ್ಬಿಣ, ಒಂದು.’ ಅದನ್ನು ಮಾಡುವ ಕೆಲಸ ನನಗೇ ಬಂತು. ಅಪ್ಪನ ಕುಲುಮೆ ಹೊತ್ತಿಸಿ, ಅವನ ಅಡಿಗಲ್ಲಿನ ಮೇಲೆಯೇ ಬಡಿದೆ. ಹಳೆಯದಕ್ಕೂ ಹೊಸದಕ್ಕೂ ಅಳತೆಯಲ್ಲಿ ಕೂದಲಷ್ಟು ಫರಕಿಲ್ಲ.

ಅದನ್ನು ಗೋಳದಲ್ಲಿ ಪರೀಕ್ಷಿಸುವ ದಿನ ಬಂತು. ಕೇಂದ್ರದವರೆಲ್ಲ ಬಾಗಿಲ ಮುಂದೆ ಸಾಲು ನಿಂತಿದ್ದರು. ಬಾಗಿಲಲ್ಲಿ ದಿಕ್ಸೂಚಿ ಹಿಡಿದು ನಿಂತವಳು ಕಾಳವ್ವ. ಹೆಣ್ಣುಮಕ್ಕಳ ಪಿನ್ನು ಹುಡುಕಲು ಗಂಡಸಿಗೆ ಬರುವುದಿಲ್ಲ ಎಂದು ಮೇಡಂ ಅವಳನ್ನೇ ಆ ಕೆಲಸಕ್ಕೆ ನೇಮಿಸಿದ್ದರು. ನನ್ನ ಸರದಿ ಬಂತು. ಅವಳಿಗೆ ನಾಚಿಕೆ ಗೀಚಿಕೆ ಒಂದೂ ಇರಲಿಲ್ಲ. ಹತ್ತು ಜನರ ಮುಂದೆ ನನ್ನನ್ನು ನಿಲ್ಲಿಸಿ, ಕೈ ಅಗಲ ಮಾಡಿಸಿ, ಮೈಸುತ್ತ ದಿಕ್ಸೂಚಿ ಆಡಿಸಿದಳು. ಎದೆಯ ಜೇಬಿನ ಹತ್ತಿರ ಮುಳ್ಳು ಗಿರ್ರನೆ ತಿರುಗಿತು.

“ಕಬ್ಬಿಣ ಐತಿ” ಎಂದಳು.

“ಐತಿ.”

“ಯಾತಕ್ಕ?”

“ಬೀಜಕ್ಕ.”

ಅವಳು ಪುಸ್ತಕದಲ್ಲಿ ಬರೆದುಕೊಂಡಳು, ನನ್ನಿಂದ ಸಹಿ ಹಾಕಿಸಿದಳು, ಕೆಳಗೆ ತಾನೂ ಹಾಕಿದಳು. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

“ಹೋಗ್ರಿ ಒಳಗ.”

ಕಬ್ಬಿಣಕ್ಕೆ ಇಷ್ಟು ದಿನ ನಾನೇ ಅಡ್ಡ ನಿಂತಿದ್ದ ಬಾಗಿಲಿನಲ್ಲಿ, ನಮ್ಮಪ್ಪನ ಕುಲುಮೆಯ ಕಬ್ಬಿಣ ಹೊತ್ತುಕೊಂಡು ಎದೆಯುಬ್ಬಿಸಿ ಒಳಗೆ ನಡೆದೆ.